ಗಿಟ್ ಬಳಸುವ ಕನ್ನಡದ ಗೆಳೆಯರಿಗೆ: ತೊಂದರೆ ಆದಾಗ ಸುಮ್ಮನಿರಬೇಡಿ

ಗೆಳೆಯರೇ, ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಮೇಷ್ಟ್ರು ಫೋನ್ ಮಾಡಿದರು. "ಏನಪ್ಪಾ, ಫೈಲೆಲ್ಲ ಕೆಟ್ಟುಹೋಗಿದೆ. ಬರೀ ಅಂಕಿ ಬರ್ತಿದೆ" ಎಂದರು. ಯಾವತ್ತೂ ಗಾಬರಿ ಬೀಳದ ಮನುಷ್ಯ. ಅವತ್ತು ದನಿ ನಡುಗುತ್ತಿತ್ತು.

ಮೇಷ್ಟ್ರು ರಿಟೈರ್ ಆಗಿ ಹಾಸನದ ಹತ್ತಿರದ ತಮ್ಮ ಊರಿನಲ್ಲಿದ್ದಾರೆ. ಕೆಲಸದಲ್ಲಿದ್ದಾಗ ರಜೆ ಬಂದರೆ ಸಾಕು, ಸುತ್ತಲ ಹಳ್ಳಿಗಳ ಅಜ್ಜಿಯರ ಮುಂದೆ ಕೂತು ಪದ ಬರೆದುಕೊಳ್ಳುತ್ತಿದ್ದರು. ಬೀಸುವ ಪದ, ಸೋಬಾನೆ, ಕೋಲಾಟದ ಪದ. ಹಾಗೆ ತುಂಬಿದ ನೋಟ್‌ಬುಕ್ಕುಗಳು ಒಂದು ಟ್ರಂಕಿನಷ್ಟಿವೆ. ನಾವು ಆರು ಜನ ಸೇರಿ ಅವನ್ನು ಟೈಪ್ ಮಾಡುತ್ತಿದ್ದೇವೆ. ಒಂದೇ ಪದವನ್ನು ಒಬ್ಬ ಅಜ್ಜಿ ಒಂದು ಥರ ಹಾಡಿದರೆ ಇನ್ನೊಬ್ಬರು ಬೇರೆ ಥರ ಹಾಡಿರುತ್ತಾರೆ. ನಾವು ಟೈಪ್ ಮಾಡಿದ್ದನ್ನು ಮೇಷ್ಟ್ರು ತಿದ್ದುತ್ತಾರೆ, ಅವರು ತಿದ್ದಿದ್ದನ್ನು ಆಮೇಲೆ ಅವರೇ ಮತ್ತೆ ತಿದ್ದುತ್ತಾರೆ. ಯಾರು, ಯಾವಾಗ, ಏನನ್ನು ಬದಲಿಸಿದರು ಅಂತ ಗೊತ್ತಿರಲೇಬೇಕು. ಅದಕ್ಕೇ ಫೈಲುಗಳ ಒಂದೊಂದು ಬದಲಾವಣೆಯ ಲೆಕ್ಕವನ್ನೂ ಇಡುವ ಗಿಟ್ ಎಂಬ ತಂತ್ರಾಂಶ ಹಿಡಿದೆವು. ಮೇಷ್ಟ್ರು ಮೂರು ಕಮಾಂಡ್ ಕಲಿತರು: ಫೈಲನ್ನು ಸೇರಿಸಲು ಗಿಟ್ ಆಡ್, ಈಗ ಏನಿದೆ ಎಂದು ನೋಡಲು ಗಿಟ್ ಸ್ಟೇಟಸ್, ಸೇರಿಸಿದ್ದನ್ನು ದಾಖಲೆ ಮಾಡಿ ಉಳಿಸಲು ಗಿಟ್ ಕಮಿಟ್. ಫೈಲುಗಳಿಗೆ ಹೆಸರು ಕನ್ನಡದಲ್ಲೇ ಇಟ್ಟರು. ಬೇರೆ ಯಾವ ಭಾಷೆಯಲ್ಲಿ ಇಡಬೇಕಿತ್ತು ಹೇಳಿ?

ಅವತ್ತು ಅವರು ಮೂರು ಹೊಸ ಪದ ಟೈಪ್ ಮಾಡಿ, ಆಡ್ ಮಾಡಿ, ಸ್ಟೇಟಸ್ ನೋಡಿದ್ದಾರೆ. "ಪದ" ಎಂದು ಇರಬೇಕಾದ ಕಡೆ ಕಂಡದ್ದು ಹೀಗೆ:

\340\262\252\340\262\246

ಎರಡೇ ಅಕ್ಷರಕ್ಕೆ ಇಷ್ಟು. ಪೂರ್ತಿ ಹೆಸರಿಗೆ ಎಷ್ಟಾಗಬಹುದು ಅಂತ ನೀವೇ ಊಹಿಸಿ. ಫೈಲ್ ಹಾಳಾಯಿತು ಅಂದುಕೊಂಡು ಅವರು ಇಂಟರ್ನೆಟ್‌ನಲ್ಲಿ ಹುಡುಕಿದ್ದಾರೆ. "ಎಲ್ಲ ಸರಿಮಾಡುವ" ಕಮಾಂಡ್ ಒಂದು ಸಿಕ್ಕಿದೆ: ಗಿಟ್ ರೀಸೆಟ್ --ಹಾರ್ಡ್. ಅದನ್ನು ಹೊಡೆದಿದ್ದಾರೆ. ಹಿಂದಿನ ಕಮಿಟ್‌ನಲ್ಲಿ ಇಲ್ಲದ, ಆಡ್ ಮಾತ್ರ ಆಗಿರುವ ಹೊಸ ಫೈಲುಗಳನ್ನು ಆ ಕಮಾಂಡ್ ಡಿಸ್ಕಿನಿಂದಲೇ ತೆಗೆದುಬಿಡುತ್ತದೆ. ಮೂರು ಪದವೂ ಮಾಯ.

ಪುಣ್ಯಕ್ಕೆ ಅವರು ಆಡ್ ಮಾಡಿದ್ದರು. ಆಡ್ ಮಾಡಿದ ಕ್ಷಣದಲ್ಲೇ ಗಿಟ್ ಆ ಬರಹದ ಒಂದು ಪ್ರತಿಯನ್ನು ತನ್ನ ಒಳಗೆ ಇಟ್ಟುಕೊಳ್ಳುತ್ತದೆ. ಯಾವ ಕಮಿಟ್‌ಗೂ ಸೇರದ ಇಂಥ ತುಣುಕುಗಳು ಸಾಮಾನ್ಯವಾಗಿ ಎರಡು ವಾರವಾದರೂ ಉಳಿದಿರುತ್ತವೆ. ಫೋನಿನಲ್ಲೇ ಹೇಳಿಕೊಟ್ಟು "ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್" ಎಂದು ಟೈಪ್ ಮಾಡಿಸಿದೆ. ಡಾಟ್ ಗಿಟ್ ಫೋಲ್ಡರಿನ ಒಳಗೆ ಲಾಸ್ಟ್-ಫೌಂಡ್ ಅಂತ ಒಂದು ಫೋಲ್ಡರ್, ಅದರೊಳಗೆ ಅದರ್ ಅಂತ ಇನ್ನೊಂದು. ಫೈಲುಗಳು ಅಲ್ಲಿದ್ದವು. ಆದರೆ ಹೆಸರಿಲ್ಲ. ಗಿಟ್ ಬರಹವನ್ನು ಒಂದು ಕಡೆ, ಹೆಸರನ್ನು ಇನ್ನೊಂದು ಕಡೆ ಇಡುತ್ತದೆ. ಬರಹ ಸಿಕ್ಕಿತು, ಹೆಸರು ಹೋಗಿತ್ತು. ಮೇಷ್ಟ್ರು ಒಂದೊಂದನ್ನೇ ತೆರೆದು, ಮೊದಲ ಸಾಲು ಓದಿ, "ಇದು ಬೀಸುವ ಪದ… ಇದು ಸೋಬಾನೆ…" ಎನ್ನುತ್ತ ಹೋದರು. ಮೂರನೆಯದು ಸಿಕ್ಕಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ನಾನು ಈ ಪತ್ರ ಬರೆಯುತ್ತಿರುವುದು ಆ ರಾತ್ರಿಯ ದೆಸೆಯಿಂದ. ಗಿಟ್ ಮೇಲೆ ದೂರು ಹೇಳಲು ಅಲ್ಲ. ಅದು ಅವತ್ತು ತನ್ನ ಕೈಪಿಡಿಯಲ್ಲಿ ಬರೆದಿರುವಂತೆಯೇ ನಡೆದುಕೊಂಡಿತು. ನಮ್ಮ ಬಗ್ಗೆ ಬರೆಯುತ್ತಿದ್ದೇನೆ. ಈ ಅಂಕಿಗಳನ್ನು ನಾನು ಹತ್ತು ವರ್ಷದಿಂದ ನೋಡಿದ್ದೆ. ನೀವೂ ನೋಡಿದ್ದೀರಿ. ನೋಡಿ ಏನು ಮಾಡಿದೆವು? ಫೈಲಿಗೆ ಇಂಗ್ಲಿಷ್ ಹೆಸರಿಟ್ಟು ಮುಂದೆ ಹೋದೆವು. ಹೊಸಬರು ಕೇಳಿದರೆ "ಅಯ್ಯೋ, ಕನ್ನಡದಲ್ಲಿ ಯಾಕೆ ಇಡ್ತೀಯಾ, ಸುಮ್ನೆ ತಲೆನೋವು" ಎಂದೆವು. ನಾನೂ ಎಷ್ಟೋ ಜನಕ್ಕೆ ಹೀಗೇ ಹೇಳಿದ್ದೇನೆ. ಆ ಮಾತು ಮೇಷ್ಟ್ರಿಗೆ ಹೇಳಲು ಬಾಯಿ ಬರಲಿಲ್ಲ.

ಆ ಅಂಕಿ ಎಲ್ಲಿಂದ ಬರುತ್ತದೆ ಅಂತ ಮೊದಲು ಹೇಳುತ್ತೇನೆ. ಗಿಟ್‌ಗೆ ಫೈಲಿನ ಹೆಸರು ಎಂದರೆ ಬೈಟುಗಳ ಒಂದು ಸಾಲು, ಅಷ್ಟೇ. ಅದು ಕನ್ನಡವೋ ಚೀನಿಯೋ ಅದಕ್ಕೆ ಗೊತ್ತಿಲ್ಲ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಇಂಗ್ಲಿಷ್ ಅಕ್ಷರಗಳ ಆಚೆಗಿನ ಬೈಟ್ ಸಿಕ್ಕಿದರೆ, ಎಲ್ಲಿ ಏನು ಕೆಡುತ್ತದೋ ಎಂಬ ಎಚ್ಚರದಿಂದ ಗಿಟ್ ಅದನ್ನು ಎಂಟರ ಲೆಕ್ಕದ ಅಂಕಿಯಾಗಿ ತೋರಿಸುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ. ತೋರಿಸುವ ರೀತಿ ಅಷ್ಟೇ ಹಾಗೆ. ಇದನ್ನು ನಿಲ್ಲಿಸಲು ಒಂದೇ ಸಾಲು ಸಾಕು:

ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್

ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಮುಂದಿನ ಸ್ಟೇಟಸ್‌ನಲ್ಲಿ ನಿಮ್ಮ ಕನ್ನಡದ ಹೆಸರು ಹಾಗೇ ಕಾಣುತ್ತದೆ. ಚೀನಾ, ಜಪಾನಿನವರು ಬರೆದ ಗಿಟ್ ಪಾಠಗಳಲ್ಲಿ ಈ ಸಾಲು ಮತ್ತೆ ಮತ್ತೆ ಸಿಗುತ್ತದೆ. ನಮ್ಮಲ್ಲಿ ಇದನ್ನು ಹೇಳಿಕೊಡುವವರು ಕಡಿಮೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಎರಡು ತಿಂಗಳು ಬಿಟ್ಟು ಇನ್ನೊಂದು ವಿಚಿತ್ರ ಕಂಡಿತು. ಒಂದೇ ಫೋಲ್ಡರಿನಲ್ಲಿ "ಕೋಲಾಟ" ಎಂಬ ಎರಡು ಫೈಲು! ಒಂದೇ ಹೆಸರಿನ ಎರಡು ಫೈಲು ಒಂದು ಫೋಲ್ಡರಿನಲ್ಲಿ ಇರಲು ಸಾಧ್ಯವೇ ಇಲ್ಲ, ಅಲ್ವಾ? ಮತ್ತೆ ಮತ್ತೆ ನೋಡಿದೆ. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಕೊನೆಗೆ ಮೇಷ್ಟ್ರನ್ನು ಹೆದರಿಸಿದ ಆ ಅಂಕಿಗಳನ್ನೇ ಮತ್ತೆ ಕರೆದೆ. ಆ ಒಂದು ಕಮಾಂಡಿಗೆ ಮಾತ್ರ ಕೋಟ್‌ಪಾತ್ ಆನ್ ಮಾಡಿ ಫೈಲುಗಳ ಪಟ್ಟಿ ಕೇಳಿದೆ. ಗುಟ್ಟು ಹೊರಬಿತ್ತು. ಒಂದು ಫೈಲಿನಲ್ಲಿ ಕಕಾರದ ಮುಂದೆ ಇದ್ದದ್ದು ಇಷ್ಟು:

\340\263\213

ಇನ್ನೊಂದರಲ್ಲಿ ಅದೇ ಜಾಗದಲ್ಲಿ:

\340\263\206\340\263\202\340\263\225

ಯೂನಿಕೋಡ್‌ನಲ್ಲಿ "ಕೋ" ಎಂದು ಬರೆಯಲು ಒಂದಕ್ಕಿಂತ ಜಾಸ್ತಿ ದಾರಿ ಇದೆ. ಓಕಾರದ ಗುರುತನ್ನು ಒಂದೇ ಸಂಕೇತವಾಗಿ ಇಡಬಹುದು. ಇಲ್ಲವೇ ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಅಂತ ಮೂರು ತುಂಡು ಮಾಡಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕೀ, ಕೇ, ಕೈ, ಕೊ ಇವಕ್ಕೂ ಇದೇ ಕಥೆ. ಹಳೆಯ ಮ್ಯಾಕ್ ಕಂಪ್ಯೂಟರುಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ತುಂಡು ಮಾಡಿ ಇಡುತ್ತಿತ್ತು. ನಮ್ಮಲ್ಲೊಬ್ಬರು ಅಂಥ ಹಳೆಯ ಮ್ಯಾಕ್‌ನಿಂದ ಫೋಲ್ಡರನ್ನು ಜಿಪ್ ಮಾಡಿ ಕಳಿಸಿದ್ದರು. ಗಿಟ್ ಮೂಲಕ ಕಳಿಸಿದ್ದರೆ ಮ್ಯಾಕ್‌ನ ಗಿಟ್ ತುಂಡುಗಳನ್ನು ಕೂಡಿಸಿ ಕಳಿಸುತ್ತಿತ್ತು. ಅದಕ್ಕೆ 2012ರಿಂದಲೇ ಒಂದು ಸೆಟ್ಟಿಂಗ್ ಇದೆ. ಜಿಪ್ ಆ ಕೆಲಸ ಮಾಡಲಿಲ್ಲ. ನನ್ನ ಲಿನಕ್ಸ್ ಕಂಪ್ಯೂಟರ್ ಎರಡನ್ನೂ ಬೇರೆ ಬೇರೆ ಫೈಲ್ ಎಂದುಕೊಂಡಿತು. ಮೇಷ್ಟ್ರು ಒಂದರಲ್ಲಿ ತಿದ್ದುತ್ತಿದ್ದರು, ನಾನು ಇನ್ನೊಂದರಲ್ಲಿ.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ಮೊದಲ ಸಲ ಅಂಕಿ ಕಂಡಾಗ "ಇದನ್ನು ತೆಗೆದುಹಾಕಿ" ಎಂದು ಗಿಟ್ ಕಟ್ಟುವವರಿಗೆ ಬರೆಯಬೇಕು ಎನಿಸಿತ್ತು. ಎರಡನೇ ಸಲ ಅದೇ ಅಂಕಿ ನನ್ನನ್ನು ಉಳಿಸಿತು. ಇದೆಲ್ಲ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಗೊತ್ತಾಗುವ ವಿಷಯ. ನಾವು ಬಾಯಿ ಬಿಡದಿದ್ದರೆ ಇದನ್ನು ಅವರಿಗೆ ಹೇಳುವವರು ಬೇರೆ ಯಾರೂ ಇಲ್ಲ.

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನೆಲ್ ಬರೆಯುವವರು ಇಂಥದೇ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಅವರಿಗೆ ಪುಕ್ಕಟೆಯಾಗಿ ಸಿಗುವುದು ನಿಂತಾಗ ಲಿನಸ್ ಟೋರ್ವಾಲ್ಡ್ಸ್ ತಮ್ಮ ಕೆಲಸಕ್ಕೆಂದು ಇದನ್ನು ಬರೆದರು. ಅದೇ ಜುಲೈನಿಂದ ಜುನಿಯೊ ಹಮಾನೊ ನೋಡಿಕೊಳ್ಳುತ್ತಿದ್ದಾರೆ. ಈಮೇಲಿನಲ್ಲಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿಕೊಳ್ಳುವ, ಫೈಲಿಗೆ ಇಂಗ್ಲಿಷ್ ಹೆಸರನ್ನೇ ಇಡುವ ಜನಕ್ಕಾಗಿ ಆದ ಉಪಕರಣ ಅದು. ಬೀಸುವ ಪದ ಅವರ ಮನಸ್ಸಿನಲ್ಲಿ ಇರಲಿಲ್ಲ. ಇರಬೇಕಿತ್ತು ಎನ್ನುವುದೂ ನ್ಯಾಯವಲ್ಲ.

ಆದರೆ ಬಳಸುವವರು ಹೇಳಿದಾಗ ಗಿಟ್ ಬದಲಾಗಿದೆ. ಮೊದಲೆಲ್ಲ ಸುಮ್ಮನೆ "ಗಿಟ್ ಪುಶ್" ಎಂದು ನಮ್ಮ ಕೆಲಸವನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸಿದರೆ ಆ ಕಡೆಯೂ ಅದೇ ಹೆಸರಿರುವ ಬ್ರಾಂಚುಗಳೆಲ್ಲ (ಕೆಲಸದ ಬೇರೆ ಬೇರೆ ಕವಲುಗಳೆಲ್ಲ) ಒಟ್ಟಿಗೆ ಹೋಗುತ್ತಿದ್ದವು. ಅರ್ಧ ಮುಗಿದ ಕೆಲಸವೂ ಜೊತೆಗೆ ಹೋಗಿಬಿಡುವ ಭಯ. 2014ರಲ್ಲಿ ಬಂದ 2.0 ಆವೃತ್ತಿಯಿಂದ ನೀವು ನಿಂತಿರುವ ಬ್ರಾಂಚ್ ಮಾತ್ರ ಹೋಗುತ್ತದೆ. ಚೆಕ್‌ಔಟ್ ಎಂಬ ಒಂದೇ ಕಮಾಂಡ್ ಬ್ರಾಂಚನ್ನೂ ಬದಲಿಸುತ್ತಿತ್ತು, ಫೈಲನ್ನೂ ಹಳೆಯ ಸ್ಥಿತಿಗೆ ತರುತ್ತಿತ್ತು. ಕಲಿಯುವವರಿಗೆ ಅದು ದೊಡ್ಡ ಗೊಂದಲ. 2019ರ ಆಗಸ್ಟ್‌ನಲ್ಲಿ ಸ್ವಿಚ್, ರಿಸ್ಟೋರ್ ಎಂದು ಎರಡು ಬೇರೆ ಕಮಾಂಡ್ ಬಂದವು. ಮುಂದೆ ಬರುವ 3.0ರಲ್ಲಿ ಯಾವ ಹಳೆಯ ರೂಢಿಗಳನ್ನು ಬಿಡಬೇಕು ಎಂಬ ಪಟ್ಟಿಯನ್ನೂ ಅವರು ಬಹಿರಂಗವಾಗಿ ಬರೆದಿಟ್ಟಿದ್ದಾರೆ. ಕೇಳುವ ಕಿವಿ ಅಲ್ಲಿದೆ.

ಹಾಗಾದರೆ ಹೇಳುವುದು ಹೇಗೆ? ಇದು ಗೊತ್ತಿಲ್ಲದೆ ಎಷ್ಟೋ ಜನ ಹಿಂಜರಿಯುತ್ತಾರೆ. 2020ರಲ್ಲಿ ಗಿಟ್‌ಗೇ ಒಂದು ಕಮಾಂಡ್ ಸೇರಿತು: ಗಿಟ್ ಬಗ್‌ರಿಪೋರ್ಟ್. ಹೊಡೆದು ನೋಡಿ. ನೀವಿರುವ ಫೋಲ್ಡರಿನಲ್ಲೇ ಒಂದು ಫೈಲ್ ಮಾಡಿ ಎಡಿಟರ್‌ನಲ್ಲಿ ತೆರೆಯುತ್ತದೆ. ಅದರಲ್ಲಿ ಪ್ರಶ್ನೆಗಳಿವೆ. ಏನು ಮಾಡಿದಿರಿ? ಏನಾಗುತ್ತದೆ ಅಂದುಕೊಂಡಿದ್ದಿರಿ? ಏನಾಯಿತು? ಎರಡಕ್ಕೂ ಏನು ವ್ಯತ್ಯಾಸ? ಕೆಳಗೆ ನಿಮ್ಮ ಗಿಟ್ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಶೆಲ್ ಇವೆಲ್ಲ ತಾನೇ ತುಂಬಿಕೊಂಡಿರುತ್ತದೆ. ಬೇಡದ ಸಾಲು ಅಳಿಸಬಹುದು ಅಂತ ಅಲ್ಲೇ ಬರೆದಿದೆ. ಅದನ್ನು ಗಿಟ್‌ನ ಬಹಿರಂಗ ಈಮೇಲ್ ಪಟ್ಟಿಯ ವಿಳಾಸಕ್ಕೆ ಕಳಿಸಿದರೆ ಆಯಿತು. ಸದಸ್ಯರಾಗಬೇಕಿಲ್ಲ. ಒಂದು ಮಾತು ನೆನಪಿರಲಿ: ಮೇಲ್ ಸಾದಾ ಅಕ್ಷರದಲ್ಲಿರಬೇಕು. ಬಣ್ಣ, ದಪ್ಪ ಅಕ್ಷರ ಹಾಕುವ ಎಚ್‌ಟಿಎಂಎಲ್ ಮೇಲ್ ಆದರೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಜಿಮೇಲ್‌ನಲ್ಲಿ ಪ್ಲೇನ್ ಟೆಕ್ಸ್ಟ್ ಆಯ್ಕೆ ಒತ್ತಿ. ಭದ್ರತೆಗೆ ಸಂಬಂಧಿಸಿದ ದೋಷ ಸಿಕ್ಕರೆ ಮಾತ್ರ ಹೀಗೆ ಎಲ್ಲರಿಗೂ ಕಾಣುವಂತೆ ಬರೆಯಬೇಡಿ, ಅದಕ್ಕೆ ಬೇರೆಯೇ ವಿಳಾಸ ಇದೆ.

ಕಳಿಸುವ ಮೊದಲು ಸ್ವಲ್ಪ ಮನೆಗೆಲಸ ಮಾಡಬೇಕು. ತೊಂದರೆ ನಿಜವಾಗಿ ಗಿಟ್‌ನದೋ ಬೇರೆಯವರದೋ ನೋಡಿ. ಏನು ಬದಲಾಗಿದೆ ಎಂದು ನೋಡಲು ನೀವು ಗಿಟ್ ಡಿಫ್ ಎಂದಾಗ ಪರದೆಯ ಮೇಲೆ ಬರುವುದು ಮೂರು ನಾಲ್ಕು ಕೈ ದಾಟಿ ಬರುತ್ತದೆ: ಗಿಟ್, ಪುಟ ಪುಟವಾಗಿ ತೋರಿಸುವ ಲೆಸ್, ಕಮಾಂಡ್ ಹೊಡೆಯುವ ಕಿಟಕಿಯಾದ ಟರ್ಮಿನಲ್, ಫಾಂಟ್. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಅದು ಹೆಚ್ಚಾಗಿ ಟರ್ಮಿನಲ್‌ನ ಕೆಲಸ. ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಚೌಕ ಕೊಡುವ ಟರ್ಮಿನಲ್‌ಗಳಿಗೆ ಕನ್ನಡ ಕೂಡಿಸುವುದು ಕಷ್ಟ. ಪರೀಕ್ಷೆ ಸುಲಭ. ಡಿಫ್ ಅನ್ನು ಒಂದು ಫೈಲಿಗೆ ಬರೆಸಿ, ಸಾಮಾನ್ಯ ಎಡಿಟರಿನಲ್ಲಿ ತೆರೆಯಿರಿ. ಅಲ್ಲಿ ಸರಿ ಇದ್ದರೆ ಗಿಟ್ ಸರಿ ಇದೆ. ಆಗ ಲೆಸ್ ಅನ್ನು ಬಿಟ್ಟು ತೋರಿಸುವ "--ನೋ-ಪೇಜರ್" ಹಾಕಿ ನೋಡಿ. ಆಗಲೂ ಒಡೆದು ಕಂಡರೆ ಟರ್ಮಿನಲ್‌ನವರಿಗೇ ಬರೆಯಿರಿ. ಅವರಿಗೂ ಕನ್ನಡದಿಂದ ಪತ್ರ ಹೋಗಬೇಕು.

ಕಣ್ಣಿಗೆ ಒಂದೇ ಥರ ಕಾಣುವ ಎರಡು ಸಾಲನ್ನು ಡಿಫ್ ಬೇರೆ ಬೇರೆ ಎಂದು ತೋರಿಸುತ್ತಿದೆಯೇ? ಕಣ್ಣಿಗೆ ಕಾಣದ ಅರ್ಧಾಕ್ಷರದ ಸಂಕೇತ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಅದು ಗಿಟ್‌ನ ತಪ್ಪಲ್ಲ, ನಮ್ಮ ಕೀಬೋರ್ಡುಗಳ ನಡುವಿನ ಜಗಳ. ಇಡೀ ಪ್ಯಾರಾ ಕೆಂಪು ಹಸಿರಾಗಿ ಕಂಡರೆ "--ವರ್ಡ್-ಡಿಫ್" ಹಾಕಿ, ಬದಲಾದ ಪದ ಮಾತ್ರ ಎದ್ದು ಕಾಣುತ್ತದೆ. ಯಾವುದೋ ಸೆಟ್ಟಿಂಗ್ ಎಲ್ಲಿಂದ ಬಂತು ಅಂತ ತಿಳಿಯದಿದ್ದರೆ ಕಾನ್ಫಿಗ್ ಪಟ್ಟಿಗೆ "--ಶೋ-ಆರಿಜಿನ್" ಸೇರಿಸಿ. ಕಮಿಟ್ ಮಾಡಿದ್ದೇ ಕಳೆದುಹೋದಂತೆ ಕಂಡರೆ ಮೊದಲು ರಿಫ್ಲಾಗ್ (ನೀವು ಯಾವ ಯಾವ ಕಮಿಟ್ ಮೇಲೆ ಇದ್ದಿರಿ ಎಂದು ಗಿಟ್ ಇಡುವ ದಿನಚರಿ) ನೋಡಿ. ನೀವೇ ಏನೂ ಬದಲಿಸಿರದಿದ್ದರೆ 30 ದಿನವಂತೂ ಅದರಲ್ಲಿ ಗುರುತು ಇರುತ್ತದೆ. ರೀಸೆಟ್ --ಹಾರ್ಡ್ ಅನ್ನು ಮಾತ್ರ ಗಾಬರಿಯಲ್ಲಿ ಮುಟ್ಟಬೇಡಿ.

ಆಮೇಲೆ, ಒಂದು ಖಾಲಿ ಫೋಲ್ಡರಿನಲ್ಲಿ ಅದೇ ತೊಂದರೆಯನ್ನು ಮತ್ತೆ ಮಾಡಿ ತೋರಿಸಿ. ನಿಮ್ಮ ಇಡೀ ಪ್ರಾಜೆಕ್ಟ್ ಯಾರಿಗೂ ಬೇಡ. ಗಿಟ್ ಇನಿಟ್, ಒಂದು ಫೈಲ್, ಎರಡು ಕಮಾಂಡ್, ಅಷ್ಟು ಸಾಕು. ನಮ್ಮ ಕೋಲಾಟದ ತೊಂದರೆ ಐದು ಸಾಲಿಗೆ ಇಳಿಯಿತು. ಟರ್ಮಿನಲ್‌ನಲ್ಲಿ ಬಂದದ್ದನ್ನು ಕಾಪಿ ಮಾಡಿ ಹಾಕಿ, ಫೋಟೊ ಬೇಡ. ಹಾಕುವ ಮುಂಚೆ ಅದರಲ್ಲಿ ಪಾಸ್‌ವರ್ಡ್, ಟೋಕನ್ ಇದೆಯೇ ಅಂತ ಎರಡು ಸಲ ನೋಡಿ.

ಇಂಗ್ಲಿಷ್ ಬಗ್ಗೆ ನಾಚಿಕೆ ಬೇಡ. ಅಲ್ಲಿ ಬರೆಯುವ ಬಹಳ ಜನಕ್ಕೆ ಇಂಗ್ಲಿಷ್ ತಾಯ್ನುಡಿಯಲ್ಲ. ಮೊದಲ ಮೂರು ಪ್ರಶ್ನೆಗೆ ಮೂರು ಚಿಕ್ಕ ಉತ್ತರ ಸಾಕು.

ಇನ್ನೊಂದು ಆಸೆ ಇದೆ. 2012ರಲ್ಲಿ ಬಂದ 1.7.9 ಆವೃತ್ತಿಯಿಂದ ಗಿಟ್ ತನ್ನ ಮಾತುಗಳನ್ನು ಬೇರೆ ಭಾಷೆಗಳಲ್ಲಿ ಹೇಳಬಲ್ಲದು. ಸ್ವೀಡಿಷ್, ಬಲ್ಗೇರಿಯನ್, ಕೆಟಲಾನ್, ವಿಯೆಟ್ನಾಮೀಸ್, ಇಂಡೋನೇಷಿಯನ್ ಎಲ್ಲ ಇವೆ. ಕನ್ನಡ ಇಲ್ಲ. ಸ್ವೀಡನ್ನಿನ ಜನ ಸುಮಾರು 1 ಕೋಟಿ. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ತಾಯ್ನುಡಿ ಎಂದವರು ಸುಮಾರು 4.37 ಕೋಟಿ. ಬೆಂಗಳೂರಿನಲ್ಲಿ ಎಷ್ಟು ಜನ ದಿನ ಬೆಳಗಾದರೆ ಗಿಟ್ ಮುಟ್ಟುತ್ತಾರೆ ಅಂತ ನಾನು ಹೇಳಬೇಕಿಲ್ಲ. ಹೊಸ ಭಾಷೆ ಸೇರಿಸುವುದು ಹೇಗೆ ಅಂತ ಗಿಟ್‌ನ ಮೂಲ ಕೋಡ್ ಜೊತೆಗಿರುವ ಪಿಒ ಫೋಲ್ಡರಿನಲ್ಲೇ ಬರೆದಿದೆ.

ಅನುವಾದ ಎಂದ ಕೂಡಲೇ ಬ್ರಾಂಚಿಗೆ ಶಾಖೆ, ಕಮಿಟ್‌ಗೆ ಇನ್ನೇನೋ ಅಂತ ಪದ ಹುಡುಕಲು ಕೂರುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಬ್ರಾಂಚ್, ಕಮಿಟ್, ಮರ್ಜ್ ಹಾಗೇ ಇರಲಿ, ಟೈಪ್ ಮಾಡುವುದು ಅದನ್ನೇ ತಾನೇ. ಅದರ ಸುತ್ತ ಇರುವ ಮಾತು ಕನ್ನಡವಾಗಲಿ. ಹಳೆಯ ಕಮಿಟ್ ನೋಡಲು ಹೋದವರಿಗೆ ಡಿಟ್ಯಾಚ್ಡ್ ಹೆಡ್ ಎಂಬ ಮಾತು ಬಂದು ಹೆದರಿಸುತ್ತದೆ. "ನೀವು ಈಗ ಯಾವ ಬ್ರಾಂಚಿನ ಮೇಲೂ ಇಲ್ಲ. ನೋಡಿಕೊಂಡು ವಾಪಸ್ ಹೋಗಬಹುದು" ಎಂದಿದ್ದರೆ ಯಾಕೆ ಹೆದರುತ್ತಾರೆ? "ನಿಮ್ಮಲ್ಲಿ 2 ಕಮಿಟ್ ಜಾಸ್ತಿ ಇವೆ, ಇನ್ನೂ ಕಳಿಸಿಲ್ಲ" ಎಂದರೆ ಮೇಷ್ಟ್ರು ನನಗೆ ಫೋನ್ ಮಾಡುವುದಿಲ್ಲ. ಸ್ಟೇಟಸ್ ಕಮಾಂಡಿನ ಮಾತುಗಳಿಂದ ನಾವು ಶುರು ಮಾಡಿದ್ದೇವೆ. ನಾಲ್ಕಾರು ಜನ ಕೈಜೋಡಿಸಿದರೆ ನಡೆಯುವ ಕೆಲಸ.

ಈಗ ನಾವು ಕಳಿಸಲಿರುವ ವರದಿಯ ವಿಷಯ. ಅದರಲ್ಲಿ ಎರಡು ಕೋರಿಕೆ ಇದೆ. ಮನುಷ್ಯರು ನೋಡುವ ಟರ್ಮಿನಲ್‌ಗೆ ಹೋಗುವಾಗ, ಅದು ಯುಟಿಎಫ್-8 ಆಗಿದ್ದರೆ, ಹೆಸರನ್ನು ಹೆಸರಾಗಿಯೇ ತೋರಿಸಿ. ಸ್ಕ್ರಿಪ್ಟ್‌ಗಳಿಗೆ (ತಾವಾಗಿಯೇ ಓಡುವ ಕಮಾಂಡುಗಳ ಪಟ್ಟಿಗಳಿಗೆ) ಹೋಗುವಾಗ ಈಗಿನಂತೆ ಅಂಕಿಯೇ ಇರಲಿ. ಮತ್ತೆ, ಒಂದೇ ಫೋಲ್ಡರಿನಲ್ಲಿ ಬೈಟ್ ಬೇರೆಯಾದರೂ ಯೂನಿಕೋಡ್ ಪ್ರಕಾರ ಒಂದೇ ಆದ ಎರಡು ಹೆಸರು ಬಂದರೆ, ಆಡ್ ಮಾಡುವಾಗ ಒಂದು ಎಚ್ಚರಿಕೆ ಕೊಡಿ. ಈ ಎರಡನೆಯದು ನಮ್ಮೊಬ್ಬರ ತೊಂದರೆ ಅಲ್ಲ. ತಮಿಳಿನ ಒಕಾರ ಓಕಾರ, ಮಲಯಾಳದ ಒಕಾರ ಓಕಾರ, ತೆಲುಗಿನ ಐಕಾರ ಎಲ್ಲ ಹೀಗೇ ತುಂಡಾಗುತ್ತವೆ. ಆ ಭಾಷೆಗಳ ಗೆಳೆಯರಿದ್ದರೆ ದಯವಿಟ್ಟು ಅವರಿಗೂ ಇದನ್ನು ತೋರಿಸಿ. ನಾಲ್ಕು ಭಾಷೆಯಿಂದ ಬಂದ ವರದಿಗೆ ತೂಕ ಜಾಸ್ತಿ.

ನನ್ನ ಹತ್ತಿರ ಇರುವುದು ಲಿನಕ್ಸ್ ಮಾತ್ರ. ವಿಂಡೋಸ್ ಬಳಸುವವರು, ಈಗಿನ ಮ್ಯಾಕ್ ಬಳಸುವವರು ಕೋಲಾಟದ ತೊಂದರೆಯ ಆ ಐದು ಸಾಲನ್ನು ನಮ್ಮಿಂದ ಪಡೆದು ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿ, ಬಂದದ್ದನ್ನು ಹಾಗೇ ಕಾಪಿ ಮಾಡಿ ಕೊಡಿ. ಗಿಟ್ ಆವೃತ್ತಿಯನ್ನು ಬರೆಯಲು ಮರೆಯಬೇಡಿ. ಅದು ಸೇರಿದ ಮೇಲೆ ಕಳಿಸುತ್ತೇವೆ.

ವರದಿಯ ತಲೆಯ ಮೇಲೆ ಹಾಕಿರುವುದು ಮೇಷ್ಟ್ರು ಬರೆದುಕೊಟ್ಟ ಮೂರು ಉತ್ತರ. ಇಂಗ್ಲಿಷಿಗೆ ತಿರುಗಿಸಿದ್ದು ನಾನು, ಅದು ಬಿಟ್ಟರೆ ಏನನ್ನೂ ಬದಲಿಸಿಲ್ಲ. ಕನ್ನಡದಲ್ಲಿ ಅದು ಹೀಗಿದೆ:

ಏನು ಮಾಡಿದೆ: ಮೂರು ಪದ ಟೈಪ್ ಮಾಡಿ, ಸೇರಿಸಿ, ಸ್ಟೇಟಸ್ ನೋಡಿದೆ.

ಏನಾಗುತ್ತದೆ ಅಂದುಕೊಂಡಿದ್ದೆ: ನಾನು ಇಟ್ಟ ಹೆಸರು ಕಾಣುತ್ತದೆ.

ಏನಾಯಿತು: ಅಂಕಿ ಕಂಡಿತು. ಕೆಟ್ಟಿದೆ ಎಂದು ತಿಳಿದು ನಾನೇ ಅಳಿಸಿದೆ.

ಇಂತಿ,
ಪದ ಟೈಪ್ ಮಾಡುತ್ತಿರುವ ಆರು ಜನರಲ್ಲಿ ಒಬ್ಬ